ಹೊಸ್ತಿಲೊಳಗಿನ ಕೈ

"ಮುಟ್ಬೇಡಿ! ಅದನ್ನ ಹಾಗೇ ಬಿಡಿ!"

ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದವರು ಹಲ್ಲಿನ ಡಾಕ್ಟರು. ನಾನು ಕಾರಿನ ಕೆಳಗೆ ಅಂಗಾತ ಮಲಗಿದ್ದೆ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಸೀಮೆಸುಣ್ಣ, ಬಾಯಲ್ಲಿ ಟಾರ್ಚು. ಉತ್ತರ ಕೊಡುವ ಸ್ಥಿತಿ ನನ್ನದಾಗಿರಲಿಲ್ಲ.

ನನ್ನ ಪರವಾಗಿ ಬೋಲ್ಟು ಕೊಟ್ಟಳು. "ಮುಟ್ಟದೆ ತುಕ್ಕು ನೋಡೋದು ಹೇಗೆ ಡಾಕ್ಟ್ರೇ? ನೀವು ಬಾಯಿ ತೆಗೆಸದೆ ಹಲ್ಲು ಕೀಳ್ತಿದ್ರಾ?"

ಬೋಲ್ಟು ಈ ಶೆಡ್ಡಿನ ಯಜಮಾನಿ. ಜಜ್ಜಿದ ಕಾರನ್ನು ನೆಟ್ಟಗೆ ಮಾಡುವುದು, ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುವುದು ಅವಳ ಕಸುಬು. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಆದರೆ ಚಿಕ್ಕಂದಿನಲ್ಲಿ ಒಮ್ಮೆ ಹಟ ಹಿಡಿದರೆ ಯಾವ ಸ್ಪ್ಯಾನರಿಗೂ ಬಿಚ್ಚಿಕೊಳ್ಳುವುದಿಲ್ಲ ಎಂದು ಅಪ್ಪ ಬೋಲ್ಟು ಎಂದು ಕರೆದರು, ಅದೇ ನಿಂತಿತು.

ಆ ಅಪ್ಪನದೇ ಈಗ ಬಿಡಿಸಬೇಕಾದ ಗಂಟು. ಬೋಲ್ಟು ಫ್ರಾಕು ತೊಡುತ್ತಿದ್ದ ಕಾಲದಲ್ಲಿ, ಡಾಕ್ಟರ ಈ ಹಳೆಯ ಸ್ಪೋರ್ಟ್ಸ್ ಕಾರನ್ನು ಕದ್ದುಕೊಂಡು ಓಡಿಹೋದರು ಎಂಬ ಅಪವಾದ ಅವರ ಮೇಲಿದೆ. ಕಳೆದ ವಾರ ಬಂದರಿನ ಹಾಳು ಗೋದಾಮಿನಲ್ಲಿ ಕಾರು ಸಿಕ್ಕಿತು. ಅಪ್ಪ ಸಿಗಲಿಲ್ಲ.

ನಾನು ವಿಮಾ ಕಂಪನಿಯ ಸರ್ವೇಯರು. ಕಳುವಿನ ಪರಿಹಾರ ಡಾಕ್ಟರ ಕೈಸೇರಿ ಎಷ್ಟೋ ಕಾಲವಾದ್ದರಿಂದ ಕಾರು ಈಗ ಕಂಪನಿಯದು. ಇದು ಗುಜರಿಗೋ ರಿಪೇರಿಗೋ ಎಂದು ಇವತ್ತು ಸಂಜೆಯೊಳಗೆ ನಾನು ಹೇಳಬೇಕು. ಗುಜರಿ ಎಂದರೆ ಡಾಕ್ಟರು ಕೊಂಡುಕೊಂಡು ಹೋಗಲು ತಯಾರು. ರಿಪೇರಿ ಎಂದರೆ ಬೋಲ್ಟು ತಯಾರು. ಅಪ್ಪ ಕಳ್ಳನೋ ಅಲ್ಲವೋ ಎಂದು ಹೇಳಬಲ್ಲ ಸಾಕ್ಷಿ ಅವಳ ಪಾಲಿಗೆ ಇದೊಂದೇ ಉಳಿದಿತ್ತು. ಅದು ಡಾಕ್ಟರ ಮನೆ ಸೇರಿದರೆ ಅದರ ಬಾಯಿಗೆ ಬೀಗ ಬಿದ್ದಂತೆಯೇ.

ನಾನು ಟಾರ್ಚನ್ನು ಬಾಯಿಂದ ತೆಗೆದು ಹೊರಗೆ ತೆವಳಿದೆ. ಬೆನ್ನಿನ ತುಂಬ ತುಕ್ಕಿನ ಪುಡಿ.

"ಬನ್ನಿ ಡಾಕ್ಟ್ರೇ, ಒಳ್ಳೆ ಹೊತ್ತಿಗೆ ಬಂದ್ರಿ," ಎಂದೆ.

ಅವರು ಕಾರಿನ ಬಳಿ ಬಂದವರು ಅದರ ಮೂತಿಯನ್ನು ಅಂಗೈಯಿಂದ ಸವರಿದರು. ಇಬ್ಬರೇ ಕೂರುವ, ಚಾವಣಿಯಿಲ್ಲದ, ನೆಲಕ್ಕೆ ಅಂಟಿಕೊಂಡಂತಿರುವ ಕಾರು. ಹಸಿರು ಬಣ್ಣ ಈಗ ಪಾಚಿಯಂತಾಗಿದೆ. ಸವರುವಾಗ ಡಾಕ್ಟರ ಕಣ್ಣಂಚು ಒದ್ದೆಯಾಯಿತು. ನಾಟಕವೇ ಎಂದು ನೋಡಿದೆ. ಅಲ್ಲ, ನಿಜವಾಗಿಯೂ ಒದ್ದೆಯಾಗಿತ್ತು. ಇಂಥ ಮನುಷ್ಯರ ಜೊತೆ ಏಗುವುದೇ ಕಷ್ಟ. ಪೂರ್ತಿ ಕೆಟ್ಟವರಾದರೆ ನಮಗೆ ಎಷ್ಟೋ ಸಲೀಸು.

"ಇದು ಉಳಿಯಲ್ಲ ಮೇಡಂ. ನೀವೇ ನೋಡಿ," ಎನ್ನುತ್ತ ಅವರು ಅಂಗಿಯ ಜೇಬಿನಿಂದ ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದರು. ಹಲ್ಲಿನ ಹಿಂಭಾಗ ನೋಡುವ ಕನ್ನಡಿ. ಕ್ಲಿನಿಕ್ಕಿಗೆ ಬಾಗಿಲು ಹಾಕಿದರೂ ಜೇಬಿನಿಂದ ಅದು ಇಳಿದಿಲ್ಲ, ಬೇರೆಯವರು ಪೆನ್ನು ಇಟ್ಟುಕೊಂಡಂತೆ. ಅದನ್ನು ಚಕ್ರದ ಮೇಲಿನ ಸಂದಿಗೆ ತೂರಿಸಿ ನನಗೆ ತೋರಿಸಿದರು. "ಮೇಲೆ ಸಣ್ಣ ಕಪ್ಪು ಚುಕ್ಕೆ, ಒಳಗೆ ಬೇರಿನ ತನಕ ಹುಳುಕು. ಇದನ್ನ ತುಂಬೋಕಾಗಲ್ಲ, ಕೀಳಬೇಕು."

"ಕಿತ್ತು ಮನೆಗೆ ತಗೊಂಡು ಹೋಗ್ತೀರಾ?" ಎಂದಳು ಬೋಲ್ಟು.

"ಹಳೇ ನೆನಪಿಗೆ ಇಟ್ಕೋತೀನಿ ಕಣಮ್ಮಾ. ಅದೂ ತಪ್ಪಾ?"

ಮೂಲೆಯಲ್ಲಿ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿದ್ದದ್ದು ನಿಂತಿತು. ಅಲ್ಲಿ ಕೂತಿದ್ದವರು ಬೋಲ್ಟುವಿನ ಅಮ್ಮ. ಕಾರಿನ ಸೀಟು ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಗಂಡ ಹೋದ ಮೇಲೆ ಶೆಡ್ಡಿನ ಬಾಗಿಲು ಮುಚ್ಚದಂತೆ ನೋಡಿಕೊಂಡದ್ದು ಆ ಯಂತ್ರ. ಅಮ್ಮ ಡಾಕ್ಟರನ್ನು ಒಮ್ಮೆ ನೋಡಿ, ಹಲ್ಲಿನಿಂದ ದಾರ ಕಡಿದು, ಮತ್ತೆ ಹೊಲಿಯತೊಡಗಿದರು. ಬೆಳಗಿನಿಂದ ಅವರು ಏನನ್ನೋ ಗುನುಗುತ್ತಿದ್ದರು. ಮಗಳ ಎದೆ ಡವಗುಟ್ಟುವ ದಿನ ತಾಯಿಗೆ ಇದೆಂಥ ಖುಷಿ ಎಂದು ನನಗೆ ಸ್ವಲ್ಪ ಕಸಿವಿಸಿಯೇ ಆಗಿತ್ತು.

"ಉಳಿಯುತ್ತೋ ಇಲ್ವೋ ಅಂತ ಸುತ್ತಿಗೆ ಹೇಳಲಿ," ಎಂದೆ. "ಬೋಲ್ಟು, ಹೊಡಿ."

ಅವಳು ಮೂತಿಯ ಹಿಂದಿನ ಉಕ್ಕಿನ ದೂಲಕ್ಕೆ ಹೊಡೆದಳು. ಠಣ್. ಹಿಂದಿನ ಸ್ಪ್ರಿಂಗು ಕೂರುವ ಜಾಗಕ್ಕೆ ಹೊಡೆದಳು. ಠಣ್. ನಾನು ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತ ಹೋದೆ. ಸುತ್ತು ಎಂದರೆ ಉಳಿಯುತ್ತದೆ, ಅಡ್ಡಗೆರೆ ಎಂದರೆ ಕತ್ತರಿಸಬೇಕು. ಚಕ್ರದ ಮೇಲಿನ ಕಮಾನಿನಲ್ಲಿ ಶಬ್ದ ಡಬ್ ಎಂದಿತು. ಅಲ್ಲಿ ತಗಡಿಲ್ಲ, ಯಾರೋ ಮೆತ್ತಿದ ಪುಟ್ಟಿ. ಅಡ್ಡಗೆರೆ. ಎಡಗಡೆ ಸೀಟಿನ ಕೆಳಗಿನ ನೆಲಕ್ಕೆ ಹೊಡೆದಾಗ ಸುತ್ತಿಗೆಯೇ ಒಳಗೆ ಹೋಯಿತು. ಅಡ್ಡಗೆರೆ. ಆದರೂ ಸುತ್ತುಗಳೇ ಹೆಚ್ಚಾಗಿದ್ದವು. ಬೋಲ್ಟುವಿನ ಮುಖ ಒಂದೊಂದು ಠಣ್ಣಿಗೂ ಅರಳುತ್ತಿತ್ತು.

"ಬೆನ್ನುಮೂಳೆ ಗಟ್ಟಿ ಇದೆ ಮೇಡಂ. ನೆಲ, ಕಮಾನು ಹೊಸದು ಬಡೀತೀನಿ. ಓಡುತ್ತೆ ಇದು."

"ಹೊಸ್ತಿಲು?" ಎಂದರು ಡಾಕ್ಟರು ತಟ್ಟನೆ.

ಬಾಗಿಲ ಕೆಳಗೆ, ಉದ್ದಕ್ಕೂ ಪೆಟ್ಟಿಗೆಯಂತೆ ಬೆಸೆದ ಟೊಳ್ಳು ಭಾಗಕ್ಕೆ ಈ ಶೆಡ್ಡಿನಲ್ಲಿ ಹೊಸ್ತಿಲು ಎನ್ನುತ್ತಾರೆ. ಚಾವಣಿಯಿಲ್ಲದ ಕಾರಿನ ಭಾರವೆಲ್ಲ ಎರಡು ಬದಿಯ ಈ ಹೊಸ್ತಿಲುಗಳ ಮೇಲೆಯೇ. ಅದು ಹೋದರೆ ಕಾರು ನಡುವೆ ಮಡಚಿಕೊಳ್ಳುತ್ತದೆ. ಅದಕ್ಕೇ ಬೋಲ್ಟು ನೆಲ ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಲಾಗಿ ಪೈಪು ಬೆಸೆಯಲು ಬೆಳಿಗ್ಗೆಯೇ ಗ್ಯಾಸು ಹಚ್ಚಿದ್ದಳು. ಒಂದು ಬದಿ ಮುಗಿಯುವಷ್ಟರಲ್ಲಿ ಜ್ವಾಲೆ ಪುಸ್ಸೆಂದಿತ್ತು. ಮೊನ್ನೆ ತಾನೇ ತುಂಬಿಸಿದ ಸಿಲಿಂಡರು ಖಾಲಿ! ಗ್ಯಾಸಿನವನಿಗೆ ಫೋನಿನಲ್ಲಿ ಅವಳು ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವಂತಿಲ್ಲ. ಅಮ್ಮ ಮಾತ್ರ, "ಬಿಡೇ, ಪಾಪ, ಅವನ್ಯಾಕೆ ಮೋಸ ಮಾಡ್ತಾನೆ," ಎಂದು ಗ್ಯಾಸಿನವನ ಪರ ವಹಿಸಿದ್ದರು.

"ಹೊಸ್ತಿಲು ನೋಡೋಣ," ಎಂದೆ. "ಎಡಗಡೇದು ನಾನು ಮೊದಲ ದಿನವೇ ನೋಡಿದೀನಿ. ಸ್ಕ್ರೂಡ್ರೈವರ್ ಒತ್ತಿದ್ದಕ್ಕೆ ಹಿಡಿ ತನಕ ಒಳಗೆ ಹೋಯ್ತು."

"ನೋಡಿದ್ರಾ! ಅದನ್ನೇ ಹೇಳಿದ್ದು ನಾನು," ಡಾಕ್ಟರು ಗೆದ್ದವರಂತೆ ಹೇಳಿದರು.

"ಬಲಗಡೇದು ನೀವಿನ್ನೂ ನೋಡಿಲ್ಲ."

ಈ ಮಾತಿಗೆ ಅವರು ಕನ್ನಡಿಯನ್ನು ಜೇಬಿಗೆ ಹಾಕಿಕೊಳ್ಳಲು ಹೋದರು. ನಾನು ಕೈ ಚಾಚಿದೆ. "ಸ್ವಲ್ಪ ಕೊಡಿ."

ಬಲಗಡೆಯ ಹೊಸ್ತಿಲ ಮೇಲಿನ ಕರಿ ಲೇಪವನ್ನು ಬೋಲ್ಟು ಬೆಳಿಗ್ಗೆಯೇ ಕೆರೆದಿದ್ದಳು. ಕೆರೆಯುತ್ತ ಕೆರೆಯುತ್ತ ಅವಳ ಕೈ ನಿಂತುಹೋಗಿತ್ತು. ಲೇಪದ ಕೆಳಗೆ ಹೊಸ ತಗಡು ಕೂಡಿಸಿದ ಬೆಸುಗೆ, ಇರುವೆ ಸಾಲಿನಷ್ಟು ಒಪ್ಪವಾಗಿ. ಹತ್ತಿರ ಹೋಗಿ ನೋಡಿದರೂ ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಯಿತು ಎಂದು ತಿಳಿಯುವುದಿಲ್ಲ. "ಅಪ್ಪನ ಕೈ," ಎಂದಿದ್ದಳು, ಅಷ್ಟೇ.

"ಡಾಕ್ಟ್ರೇ, ಪೊಲೀಸರ ಹತ್ರ ನೀವು ಏನಂತ ದೂರು ಕೊಟ್ಟಿದ್ರಿ, ನೆನಪಿದೆಯಾ?"

"ಯಾಕಿಲ್ಲ? ಹಿಂದಿನ ದಿನ ಸಂಜೆ ಕಾರು ಬಿಟ್ಟು ಬಂದೆ. ಬೆಳಿಗ್ಗೆ ಹೋದ್ರೆ ಕಾರೂ ಇಲ್ಲ, ಅವನೂ ಇಲ್ಲ."

"ಅಂದ್ರೆ ಕೆಲಸ ಶುರುವೇ ಆಗಿರಲಿಲ್ಲ."

"ಎಲ್ಲಿಂದ ಆಗುತ್ತೆ? ರಾತ್ರೋರಾತ್ರಿ ಕದ್ದ."

"ಹಾಗಾದ್ರೆ ಈ ಹೊಸ್ತಿಲು ಯಾರು ಬೆಸೆದ್ರು?"

ಡಾಕ್ಟರು ಬಗ್ಗಿ ನೋಡಿದರು. ಆದರೆ ಮಾತು ತಡವರಿಸಲಿಲ್ಲ. "ಕದ್ದ ಮೇಲೆ ಮಾಡಿರ್ತಾನೆ. ಎಲ್ಲೋ ಇಟ್ಕೊಂಡು ರಿಪೇರಿ ಮಾಡಿ ಮಾರೋಣ ಅಂತ ಇರ್ಬಹುದು."

ನನಗೂ ಇದೇ ಸಂಶಯ ಕಾಡಿತ್ತು. ಬೆಸುಗೆ ಯಾರದು ಎಂದು ಹೇಳುತ್ತದೆ, ಯಾವಾಗಿನದು ಎಂದು ಹೇಳುವುದಿಲ್ಲ. ಬೋಲ್ಟು ನನ್ನ ಕಡೆ ನೋಡಿದಳು. ಅವಳ ಕಣ್ಣಿನಲ್ಲಿ ಭಯವಿತ್ತು. ಒಳಗೆ ಇರಬೇಕಾದದ್ದು ಇಲ್ಲದಿದ್ದರೆ?

"ಇಲ್ಲೊಂದು ಪದ್ಧತಿ ಇದೆ ಡಾಕ್ಟ್ರೇ," ಎಂದಳು ಕೊನೆಗೆ. "ತುಕ್ಕು ಹಿಡೀದಿರಲಿ ಅಂತ ಹೊಸ್ತಿಲಿನ ಒಳಗೆಲ್ಲ ಕೆಂಪು ಪ್ರೈಮರ್ ಬಳೀತಾರೆ. ಮುಚ್ಚೋ ಮುಂಚೆ ಅಪ್ಪ ನನ್ನ ಅಂಗೈಗೆ ಬೂದು ಬಣ್ಣ ಹಚ್ಚಿ ಒಳಗೋಡೆಗೆ ಒತ್ತಿಸ್ತಿದ್ರು. ಆಮೇಲೆ ಬೆಸೆದು ಮುಚ್ಚೋದು. ಒಳಗೊಂದು ಕೈ ಇರಲಿ, ಕಾರನ್ನ ಹಿಡ್ಕೊಳ್ಳೋಕೆ ಅಂತಿದ್ರು. ಕಾರಿನ ಮಾಲೀಕರಿಗೆ ಯಾರಿಗೂ ಹೇಳ್ತಿರಲಿಲ್ಲ."

ಡಾಕ್ಟರು ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು.

ಹೊಸ್ತಿಲ ಒಳಬದಿಯಲ್ಲಿ, ಎಣ್ಣೆ ಬಿಡಲೆಂದು ಇಟ್ಟ ತೂತಿಗೆ ರಬ್ಬರ್ ಬಿರಡೆ ಇತ್ತು. ಬೋಲ್ಟು ಅದನ್ನು ಎಬ್ಬಿದಳು. ನಾನು ಟಾರ್ಚು ಹಿಡಿದು, ಕನ್ನಡಿ ತೂರಿಸಿ, ಡಾಕ್ಟರಿಗೆ ಜಾಗ ಬಿಟ್ಟೆ. "ನೀವೇ ನೋಡಿ. ನಿಮ್ಮ ಕನ್ನಡಿ, ನಿಮ್ಮ ಕಣ್ಣು."

ಅವರು ಮಂಡಿಯೂರಿದರು. ಆ ಕನ್ನಡಿಯಲ್ಲಿ ಒಮ್ಮೆಗೆ ಒಂದು ನಾಣ್ಯದಷ್ಟು ಜಾಗ ಕಾಣುತ್ತದೆ. ನಾನು ಮೆಲ್ಲಗೆ ತಿರುಗಿಸುತ್ತ ಹೋದೆ.

"ಕೆಂಪಿದೆ... ಏನೂ ಇಲ್ಲ... ಒಂದು ಕಲೆ ಇದೆ ಅಷ್ಟೇ." ಸ್ವಲ್ಪ ತಡೆದು, "ಇನ್ನೊಂದು ಕಲೆ. ಅದರ ಪಕ್ಕ..." ಎಂದರು. ಅವರ ದನಿ ಅಲ್ಲೇ ಇಳಿಯಿತು. "ಬೆರಳುಗಳು."

"ಎಷ್ಟು ದೊಡ್ಡವು?"

ಅವರು ಪಕ್ಕಕ್ಕೆ ಸರಿದರು. ನಾನು ಬಗ್ಗಿ ನೋಡಿದೆ. ಬೂದು ಬಣ್ಣದ ಪುಟಾಣಿ ಅಂಗೈ. ಹೆಬ್ಬೆರಳು ಜಾರಿ ಸ್ವಲ್ಪ ಬಾಲ ಎಳೆದಿತ್ತು. ಕೈ ಒತ್ತುವಾಗ ಮಗು ನಕ್ಕಿರಬೇಕು.

ಬೋಲ್ಟು ನೋಡಲು ಬರಲಿಲ್ಲ. ಬೆನ್ನು ಮಾಡಿ ನಿಂತು ಮುಂಗೈಯಿಂದ ಮೂಗು ಒರೆಸಿಕೊಂಡಳು. ಆಗ ಹೊಲಿಗೆ ಯಂತ್ರದ ಹಿಂದಿನಿಂದ ಅಮ್ಮನ ದನಿ ಬಂತು, ತಣ್ಣಗೆ.

"ಕದ್ಕೊಂಡು ಹೋಗಿ ರಿಪೇರಿ ಮಾಡಿದ್ರು ಅಂದ್ರಲ್ಲ ಡಾಕ್ಟ್ರೇ, ನನ್ನ ಮಗಳ ಕೈಯನ್ನೂ ಕದ್ಕೊಂಡು ಹೋಗಿದ್ರಾ?"

ಡಾಕ್ಟರು ಎದ್ದು ನಿಂತರು. "ಸರಿ. ಮರೆತಿರ್ಬಹುದು. ಕಾರು ಇಲ್ಲಿ ಕೆಲವು ದಿನ ಇತ್ತೇನೋ. ವಯಸ್ಸಾಯ್ತು. ಆದ್ರೆ ಆಮೇಲಾದ್ರೂ ಕದ್ದನಲ್ಲ? ಗೋದಾಮಿನಲ್ಲಿ ಬಚ್ಚಿಟ್ಟನಲ್ಲ?"

"ಗೋದಾಮನ್ನ ಮೊನ್ನೆ, ನಿನ್ನೆ ನಾನೂ ಬೋಲ್ಟೂ ಹೋಗಿ ನೋಡ್ಕೊಂಡು ಬಂದ್ವಿ," ಎಂದೆ. "ಸಿಮೆಂಟು ನೆಲ, ಸೋರದ ಚಾವಣಿ. ಒಳಗೆ ನಿಂತ್ರೆ ಗಂಟಲು ಒಣಗುತ್ತೆ. ಅಲ್ಲಿ ನಿಂತ ಕಾರಿಗೆ ಧೂಳು ಹಿಡಿಯುತ್ತೆ, ಇಂಥ ತುಕ್ಕು ಹಿಡಿಯಲ್ಲ. ಇದು ಬಹಳ ಕಾಲ ಬೇರೆಲ್ಲೋ ತೇವದಲ್ಲಿತ್ತು. ಅದೂ ಎಡಗಡೆ ಮಾತ್ರ ಯಾಕೆ ಇಷ್ಟು ಕೊಳೀತು?"

"ನನಗೇನು ಗೊತ್ತು?"

ನಾನು ಎಡ ಸೀಟಿನ ಕೆಳಗಿನ ರಬ್ಬರ್ ಹಾಸನ್ನು ಮಡಚಿದೆ. ತುಕ್ಕಿನ ಚಕ್ಕೆಗಳ ನಡುವೆ ಬಿಳಿ ಗಟ್ಟಿಗಳು, ನೆನೆದು ಕಲ್ಲಾದ ಪುಡಿ. ಬೆಳಿಗ್ಗೆ ಇದನ್ನು ಕಂಡು ಬೋಲ್ಟು ಸುಣ್ಣ ಎಂದುಕೊಂಡಿದ್ದಳು. ನಾನೂ ಅಷ್ಟೇ ಅಂದುಕೊಂಡಿದ್ದೆ, ಮೂಲೆಯ ಸಂದಿಯಲ್ಲಿ ಇದು ಸಿಗುವವರೆಗೆ. ಜೇಬಿನಿಂದ ತೆಗೆದು ಡಾಕ್ಟರ ಅಂಗೈ ಮೇಲಿಟ್ಟೆ.

ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಒಂದು ದವಡೆ ಹಲ್ಲು.

"ಅಚ್ಚು ತೆಗೆಯೋ ಪ್ಲಾಸ್ಟರ್," ಎಂದೆ. "ಮೂಟೆಗಟ್ಟಲೆ ಇದರ ಮೇಲೆ ಪೇರಿಸಿದ್ರು ಯಾರೋ. ಪ್ಲಾಸ್ಟರ್ ನೀರು ಕುಡಿದು ಕೂತುಬಿಡ್ತು, ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ. ಅದಕ್ಕೇ ಈ ಬದಿ ಹೀಗಾಗಿದೆ. ಟಿಂಕರ್ ಕೆಲಸದವರ ಮನೇಲಿ ಹಲ್ಲಿನ ಅಚ್ಚು ಇರಲ್ಲ ಡಾಕ್ಟ್ರೇ."

ಅವರು ಆ ಹಲ್ಲನ್ನು ಬೆರಳಲ್ಲಿ ಹೊರಳಿಸಿದರು. ಎಷ್ಟೋ ಹಲ್ಲುಗಳನ್ನು ನೋಡಿದ ಕಣ್ಣು, ತನ್ನದೇ ಕೆಲಸವನ್ನು ಗುರುತಿಸದೆ ಇರುತ್ತದೆಯೇ? ಮೆಲ್ಲನೆ ಕಾರಿನ ಅಂಚಿಗೆ ಒರಗಿದರು. ನೋಡುನೋಡುತ್ತ ಮುಖ ಸಣ್ಣದಾಯಿತು.

"ನನ್ನ ನೆಲಮಾಳಿಗೇಲಿತ್ತು," ಎಂದರು. "ಇದು ನಮ್ಮಪ್ಪನ ಕಾರು. ಅಪ್ಪ ಹೋದ ಮೇಲೆ ತಮ್ಮ ಪಾಲು ಕೇಳ್ದ. ಮಾರಿ ಹಂಚ್ಕೊಳ್ಳೋಣ ಅಂದ. ಕಾರನ್ನ ಹೇಗಮ್ಮಾ ಹಂಚೋದು? ಕಳೆದುಹೋಯ್ತು ಅಂದುಬಿಟ್ರೆ ಯಾರೂ ಕೇಳಲ್ಲ ಅಂದ್ಕೊಂಡೆ. ಒಂದು ಸುತ್ತು ಹೊಡೆದು ತರ್ತೀನಿ ಅಂತ ಇಲ್ಲಿಂದ ತಗೊಂಡು ಹೋದೆ. ಮನೆ ಮಾರುವಾಗ ಗೋದಾಮಿಗೆ ಸಾಗಿಸಿದೆ."

"ಓಡಿಸಿದ್ರಾ?" ಎಂದು ಕೇಳಿದವಳು ಬೋಲ್ಟು. ಪ್ರಶ್ನೆ ನನಗೇ ವಿಚಿತ್ರವಾಗಿ ಕಂಡಿತು.

"ಒಂದು ದಿನಾನೂ ಇಲ್ಲ. ನೆಲಮಾಳಿಗೆಗೆ ಇಳಿದು ಒಳಗೆ ಕೂತು ಬರ್ತಿದ್ದೆ. ಆಮೇಲೆ ಅದೂ ಹೆದರಿಕೆಯಾಗಿ ಮೂಟೆ ಪೇರಿಸಿ ಮುಚ್ಚಿದೆ."

"ಅಪ್ಪ?"

ಡಾಕ್ಟರು ಅವಳ ಮುಖ ನೋಡಲಿಲ್ಲ. "ಹುಡುಕ್ಕೊಂಡು ಮನೆಗೆ ಬಂದ. ನೆಲಮಾಳಿಗೆ ಕಿಟಕೀಲಿ ಕಾರು ಕಂಡುಬಿಡ್ತು. ಇಲ್ಲೇ ಇದೆಯಲ್ಲ ಸಾರ್ ಅಂದ. ಅಷ್ಟೊತ್ತಿಗೆ ದೂರು ಕೊಟ್ಟಾಗಿತ್ತು. ಬಾಯಿ ಬಿಟ್ರೆ ನಿನ್ನನ್ನೇ ಒಳಗೆ ಹಾಕಿಸ್ತೀನಿ, ಪೊಲೀಸರು ಯಾರ ಮಾತು ನಂಬ್ತಾರೆ ನೋಡೋಣ ಅಂದೆ. ಅವತ್ತೇ ಊರು ಬಿಟ್ಟ." ಅವರು ಹಲ್ಲನ್ನು ಮುಷ್ಟಿಯಲ್ಲಿ ಮುಚ್ಚಿದರು. "ಹೋಗುವಾಗ ಬೈಲಿಲ್ಲ ಕಣಮ್ಮಾ. ಎಡಗಡೆ ಹೊಸ್ತಿಲು ಬಾಕಿ ಇದೆ, ಹಾಗೇ ಬಿಟ್ರೆ ಕಾರು ಮಡಚ್ಕೊಳ್ಳುತ್ತೆ ಅಂದ. ಅಷ್ಟೇ. ಆಮೇಲೆ ನಾನು ಅವನನ್ನ ನೋಡಿಲ್ಲ. ಇದ್ದಾನೋ ಇಲ್ವೋ ದೇವರಾಣೆ ಗೊತ್ತಿಲ್ಲ."

ಬೋಲ್ಟುವಿನ ಕೈಯಲ್ಲಿ ಇನ್ನೂ ಸುತ್ತಿಗೆ ಇತ್ತು. ಅವಳ ಬೆರಳ ಗೆಣ್ಣು ಬಿಳಿಚಿಕೊಂಡದ್ದು ನೋಡಿ ನಾನು ಒಂದು ಹೆಜ್ಜೆ ಮುಂದಿಟ್ಟೆ. ಆದರೆ ಅವಳು ಸುತ್ತಿಗೆಯನ್ನು ನೆಲಕ್ಕಿಟ್ಟಳು.

"ಶಾಲೇಲಿ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ ಡಾಕ್ಟ್ರೇ," ಎಂದಳು. "ಪೆನ್ಸಿಲ್ ಕಳೆದ್ರೆ ಮೊದಲು ನನ್ನ ಚೀಲ ನೋಡ್ತಿದ್ರು."

ಡಾಕ್ಟರು ಪ್ಲಾಸ್ಟರಿನ ಹಲ್ಲನ್ನು ಬಾನೆಟ್ ಮೇಲೆ ಇಟ್ಟರು.

"ಕಂಪನಿಗೆ ಫೋನು ನೀವು ಮಾಡ್ತೀರೋ, ನಾನು ಮಾಡ್ಲೋ?" ಎಂದು ಕೇಳಿದೆ.

ಅವರೇ ಮಾಡಿದರು. ಬಾಗಿಲ ಬಳಿ ನಿಂತು, ನಮಗೆ ಕೇಳುವಷ್ಟು ಜೋರಾಗಿ, ಮೊದಲಿಂದ ಕೊನೆಯವರೆಗೆ ಹೇಳಿದರು. ಇಷ್ಟು ಕಾಲ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕಕ್ಕಿದ ಮೇಲೆ ಅವರ ಬೆನ್ನು ಸ್ವಲ್ಪ ನೆಟ್ಟಗಾದಂತೆ ಕಂಡಿತು. ಅಲ್ಲಿಂದಲೇ ಪೊಲೀಸ್ ಠಾಣೆಗೆ ಹೋಗುತ್ತೇನೆ ಎಂದರು. ಕಂಪನಿಯಿಂದ ಒಬ್ಬರು ಅಲ್ಲಿಗೇ ಬರುವುದಾಗಿ ಹೇಳಿದ್ದರಿಂದ ಬಿಟ್ಟೆ. ಹೋಗುವ ಮುಂಚೆ ಕಾರನ್ನು ಇನ್ನೊಮ್ಮೆ ನೋಡಿ, "ಉಳಿಸ್ತೀಯಾ?" ಎಂದು ಬೋಲ್ಟುವನ್ನು ಕೇಳಿದರು.

"ಕಾರೇನು ತಪ್ಪು ಮಾಡ್ತು?" ಎಂದಳು ಅವಳು.

ಅವರು ಹೋದದ್ದೇ ತಡ, ಬೋಲ್ಟು ಕಾರಿನ ಬಾನೆಟ್ ಮೇಲೆ ತಲೆಯಿಟ್ಟು ಗಳಗಳನೆ ಅತ್ತಳು. ಅಳುತ್ತಲೇ ನಕ್ಕಳು. "ಅಪ್ಪ ಕಳ್ಳ ಅಲ್ಲ ಅಮ್ಮಾ! ಕೇಳಿಸ್ತಾ? ಕಳ್ಳ ಅಲ್ಲ!"

"ನನಗೆ ಯಾವತ್ತೋ ಗೊತ್ತಿತ್ತು ಕಣೆ," ಎಂದರು ಅಮ್ಮ. ಸೆರಗಿನಿಂದ ಮಗಳ ಮುಖ ಒರೆಸಿದರು. ತುಕ್ಕಿನ ಪುಡಿ ಸೇರಿ ಕೆನ್ನೆಯೆಲ್ಲ ರಾಡಿಯಾಯಿತು. ನನ್ನ ಕಣ್ಣಲ್ಲೂ ನೀರು ಬಂದಿತ್ತು. ತುಕ್ಕಿನ ಧೂಳು ಎಂದು ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಗಿತ್ತು.

ಸ್ವಲ್ಪ ಹೊತ್ತಿನ ನಂತರ ಬೋಲ್ಟು ಕೇಳಿದಳು. "ಮೇಡಂ, ಅಪ್ಪ ಬದುಕಿದ್ದಾರೆ ಅಂತೀರಾ?"

ಹೌದು ಎನ್ನಲು ನನ್ನ ಹತ್ತಿರ ಆಧಾರವಿರಲಿಲ್ಲ. ಇಲ್ಲ ಎನ್ನಲು ಮನಸ್ಸಿರಲಿಲ್ಲ. ಮೂಲೆಯಲ್ಲಿ ಅಪ್ಪನ ಹಳೆಯ ತಗಡು ಕತ್ತರಿಸುವ ಯಂತ್ರ ನಿಂತಿತ್ತು. ಅವರ ಉಂಗುರ ಬೆರಳಿನ ತುದಿ ತಿಂದದ್ದು ಇದೇ ಎಂದು ಬೋಲ್ಟು ಮೊದಲ ದಿನ ತೋರಿಸಿದ್ದಳು. ಅದರ ಮೇಲೆ ಕಣ್ಣಿಟ್ಟುಕೊಂಡೇ, "ಮೊದಲು ಕಾರಿನ ಲೆಕ್ಕ ಮುಗಿಸೋಣ," ಎಂದೆ. "ಎಡ ಹೊಸ್ತಿಲು ಎಷ್ಟುದ್ದ ಕತ್ತರಿಸಬೇಕು ಅಂತ ಗುರುತು ಹಾಕ್ಬೇಕು."

"ಇವತ್ತಿಗೆ ಸಾಕು ಬಿಡ್ರೇ," ಎಂದರು ಅಮ್ಮ. "ಮುಖ ತೊಳ್ಕೊಳ್ಳಿ, ಟೀ ಮಾಡ್ತೀನಿ."

"ಐದು ನಿಮಿಷ ಅಮ್ಮಾ."

ಎಡ ಹೊಸ್ತಿಲಿಗೆ ಒತ್ತಿ ಸೀಟಿನ ರೆಕ್ಸಿನ್ ಸುರುಳಿಗಳನ್ನು ಪೇರಿಸಲಾಗಿತ್ತು. ನಾವು ಗೋದಾಮಿಗೆ ಹೋಗುವ ಮುಂಚೆ ಅವು ಅಲ್ಲಿರಲಿಲ್ಲ. ಜಾಗ ಸಾಲದೆ ಅಮ್ಮ ಇಟ್ಟಿರಬೇಕು ಎಂದುಕೊಂಡು ನಾನೇ ಒಂದೊಂದಾಗಿ ಉರುಳಿಸಿದೆ. ಬೋಲ್ಟು ಸುತ್ತಿಗೆ ಎತ್ತಿಕೊಂಡು, ಕೊಳೆತ ತಗಡಿಗೆ ತಕ್ಕಂತೆ ಮೆಲ್ಲಗೆ ಹೊಡೆದಳು.

ಠಣ್.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ಒಂದು ಗೇಣು ಆಚೆ ಹೊಡೆದಳು. ಠಣ್. ಇನ್ನೂ ಆಚೆ. ಠಣ್.

"ಮೇಡಂ, ಇದು ಕೊಳೆತಿದೆ ಅಂದಿದ್ರಲ್ಲ?"

ನಾನು ನೆಲಕ್ಕೆ ಬಿದ್ದು ಹುಡುಕಿದೆ. ನನ್ನ ಸ್ಕ್ರೂಡ್ರೈವರ್ ಹಿಡಿಯವರೆಗೆ ಹೋಗಿ ಬಂದ ತೂತು ಎಲ್ಲಿ? ಅದರ ಪಕ್ಕ ನಾನೇ ಎಳೆದಿದ್ದ ಅಡ್ಡಗೆರೆ ಎಲ್ಲಿ? ಅಲ್ಲಿ ಕರಿ ಲೇಪವಿತ್ತು, ಅದರ ಮೇಲೆ ಯಾರೋ ಕೈಯಾರೆ ಸವರಿದ ಮಣ್ಣು. ಉಗುರಿನಿಂದ ಕೆರೆದೆ. ಲೇಪದ ಕೆಳಗೆ ಥಳಥಳಿಸುವ ತಗಡು, ಇರುವೆ ಸಾಲಿನಂಥ ಬೆಸುಗೆ.

ಖಾಲಿಯಾದ ಸಿಲಿಂಡರು ನನ್ನ ತಲೆಗೆ ಹೊಳೆದದ್ದು ಆಗ. ಕಂಡದ್ದನ್ನೆಲ್ಲ ಬರೆದುಕೊಳ್ಳುವುದು ನನ್ನ ಕಸುಬು, ಆದರೂ ಅದು ಬೆಳಗಿನಿಂದ ಕಣ್ಣೆದುರೇ ನಿಂತಿತ್ತು.

ಡಾಕ್ಟರು ಮರೆತು ಹೋದ ಕನ್ನಡಿ ಬಲಗಡೆಯ ನೆಲದ ಮೇಲಿತ್ತು. ತಂದೆ. ಬೋಲ್ಟು ಬಿರಡೆ ಎಬ್ಬಿದಳು. ಹೊಸ ರಬ್ಬರು. ನಾನು ಟಾರ್ಚು ಹಿಡಿದೆ, ಅವಳು ಕನ್ನಡಿ ತೂರಿಸಿದಳು.

"ಕೆಂಪು ಪ್ರೈಮರ್," ಎಂದಳು. "ಹೆಬ್ಬೆರಳು ಇದೆ. ದೊಡ್ಡದು. ಮಗೂದಲ್ಲ ಇದು." ಕನ್ನಡಿ ತಿರುಗಿತು. "ತೋರುಬೆರಳು... ನಡುಬೆರಳು..." ಕನ್ನಡಿ ಇನ್ನೊಂದು ಚೂರು ತಿರುಗಿತು. ಅದು ಅಲ್ಲೇ ನಿಂತಿತು.

"ಏನು?"

"ಉಂಗುರ ಬೆರಳು ಅರ್ಧಕ್ಕೇ ನಿಂತಿದೆ."

ಅವಳು ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, ತೂತಿನೊಳಗೆ ಬೆರಳು ತೂರಿಸಿ ಒಳಗೋಡೆಯನ್ನು ಮುಟ್ಟಿದಳು. ಹೊರಗೆ ತೆಗೆದಾಗ ಬೆರಳ ತುದಿಯಲ್ಲಿ ಕೆಂಪು ಅಂಟಿತ್ತು. ಬೆಳಕಿಗೆ ಹಿಡಿದಳು, ಹೆಬ್ಬೆರಳಿನಿಂದ ಉಜ್ಜಿದಳು. ಇನ್ನೂ ಅಂಟಂಟು.

ಶೆಡ್ಡಿಗೆ ಇರುವುದು ಒಂದೇ ಬೀಗ. ನಾವು ಗೋದಾಮಿಗೆ ಹೋಗಿದ್ದ ಎರಡು ದಿನವೂ ಅದರ ಕೀಲಿ ಒಬ್ಬರ ಸೊಂಟದಲ್ಲೇ ಇತ್ತು. ಬೋಲ್ಟು ಮೆಲ್ಲಗೆ ತಿರುಗಿದಳು. ನಾನೂ ತಿರುಗಿದೆ.

ಅಮ್ಮ ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದರು. ನಾವಿದ್ದವರು ಮೂವರು. ತಟ್ಟೆಯಲ್ಲಿ ನಾಲ್ಕು ಲೋಟವಿತ್ತು. ಮಗಳ ಕೆಂಪು ಬೆರಳನ್ನು ನೋಡಿ ಅವರು ನಾಚಿಕೊಂಡವರಂತೆ ತಲೆ ತಗ್ಗಿಸಿದರು.

"ಪೂರ್ತಿ ಒಣಗೋ ತನಕ ಮುಚ್ಬೇಡಿ ಅಂತ ಬಡ್ಕೊಂಡೆ," ಎಂದರು. "ಅವರು ಯಾವತ್ತು ನನ್ನ ಮಾತು ಕೇಳಿದ್ದಾರೆ?"